ಮೇವಿನ ಲೆಕ್ಕ: ಪ್ರಯೋಗಾಲಯದಿಂದ ಮಲೆನಾಡಿನ ಕೊಟ್ಟಿಗೆಗೆ

(ಬೆಂಗಳೂರಿನ ನಾಗಸಂದ್ರದಲ್ಲಿ, ಅಲ್ಲಿ ನೆಲೆಸಿರುವ ಮಲೆನಾಡಿಗರು ಮತ್ತು ಕೃಷಿ, ಪಶುವೈದ್ಯ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ನಾವು ಸೇರಿರುವ ಈ ಊರಿನ ಹೆಸರಿನ ಕೊನೆಯಲ್ಲಿರುವ ‘ಸಂದ್ರ’ ಎಂಬುದು ‘ಸಮುದ್ರ’ ಶಬ್ದದ ತದ್ಭವರೂಪ. ಬೆಂಗಳೂರಿನ ಸುತ್ತಲಿನ ಊರುಗಳಲ್ಲಿ ಅದು ಕೆರೆಯನ್ನು ಸೂಚಿಸುತ್ತದೆ. ಕೆರೆಯಿದ್ದಲ್ಲಿ ಅಂಗಳದ ಹುಲ್ಲು, ಹುಲ್ಲಿದ್ದಲ್ಲಿ ದನ, ಪಕ್ಕದ ಹೊಲದಲ್ಲಿ ರಾಗಿ, ರಾಗಿಯ ಹಿಂದೆ ರಾಗಿಹುಲ್ಲಿನ ಬಣವೆ. ಈ ಸೀಮೆಯ ಪಶುಪಾಲನೆ ನಿಂತಿದ್ದುದು ಇಷ್ಟರ ಮೇಲೆಯೇ. 2015ರ ಮೇ 1ರಂದು ಮೆಟ್ರೋ ರೈಲು ನಾಗಸಂದ್ರವನ್ನು ಮುಟ್ಟಿತು. 2024ರ ನವೆಂಬರ್‌ನಲ್ಲಿ ಮಾದಾವರದವರೆಗೂ ಸಾಗಿತು. ಇಂದು ಇಲ್ಲಿ ಬಣವೆಯನ್ನು ಹುಡುಕುವವನಿಗೆ ಬಹಳ ತಾಳ್ಮೆ ಬೇಕು. ಆದರೂ ಪಶುಸಂಗೋಪನೆಯ ವಿಷಯವನ್ನು ಈ ಊರಿನಲ್ಲಿ ಮಾತನಾಡುವುದು ಅಸಂಗತವಲ್ಲ. ಏಕೆಂದರೆ ದನಗಳು ದೂರ ಸರಿದಿದ್ದರೂ ದನಗಳ ಕುರಿತ ವಿಜ್ಞಾನ ಬೆಂಗಳೂರಿನಲ್ಲಿ, ವಿಶೇಷವಾಗಿ ಅದರ ಉತ್ತರ ಭಾಗದಲ್ಲಿ, ಇನ್ನೂ ನೆಲೆಸಿದೆ.

ಹೆಬ್ಬಾಳದ ಪ್ರಾಣಿ ಆರೋಗ್ಯ ಮತ್ತು ಪಶುವೈದ್ಯ ಜೈವಿಕ ಸಂಸ್ಥೆಯ ಮೂಲ 1925ರಲ್ಲಿ ಮೈಸೂರು ಸಂಸ್ಥಾನವು ಆರಂಭಿಸಿದ ಸೀರಮ್ ಸಂಸ್ಥೆ. ಅಂದಿನ ಮುಖ್ಯ ಶತ್ರು ದೊಡ್ಡರೋಗ. ಕೊಟ್ಟಿಗೆಗೆ ಕೊಟ್ಟಿಗೆಯನ್ನೇ ಬರಿದು ಮಾಡುತ್ತಿದ್ದ ಆ ರೋಗವನ್ನು 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಸಿಡುಬಿನ ನಂತರ ಮಾನವನು ಭೂಮಿಯಿಂದ ಅಳಿಸಿಹಾಕಿದ ಎರಡನೆಯ ರೋಗವಿದು. ಹೆಬ್ಬಾಳದಲ್ಲಿಯೇ 1958ರಲ್ಲಿ ಪಶುವೈದ್ಯ ಕಾಲೇಜು ಪ್ರಾರಂಭವಾಯಿತು. ಯಲಹಂಕದ ಬಳಿ ಪಶುರೋಗಗಳ ಸೋಂಕುಶಾಸ್ತ್ರವನ್ನು ಅಭ್ಯಸಿಸುವ ರಾಷ್ಟ್ರೀಯ ಸಂಸ್ಥೆಯಿದ್ದು, ಯಾವ ಜಿಲ್ಲೆಯಲ್ಲಿ ಯಾವ ರೋಗ ಬರುವ ಸಂಭವವಿದೆಯೆಂದು ಎರಡು ತಿಂಗಳು ಮೊದಲೇ ಮುನ್ನೆಚ್ಚರಿಕೆ ನೀಡುತ್ತದೆ. ಹೆಸರಘಟ್ಟದಲ್ಲಿ ಘನೀಕೃತ ವೀರ್ಯ ಉತ್ಪಾದನೆಯ ಕೇಂದ್ರ ಸಂಸ್ಥೆಯಿದೆ. ನಗರದ ದಕ್ಷಿಣಕ್ಕೆ ಆಡುಗೋಡಿಯಲ್ಲಿ 1995ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯು ಮೇವಿನ ಕುರಿತಾದ ಸಂಶೋಧನೆಗೇ ಮೀಸಲಾಗಿದೆ. ಅದರ ನೆರೆಯಲ್ಲಿರುವ ಹಳೆಯ ಇಂಪೀರಿಯಲ್ ಡೇರಿ ಸಂಸ್ಥೆಗೆ 1927ರಲ್ಲಿ ಮಹಾತ್ಮಾ ಗಾಂಧಿಯವರು ವಿದ್ಯಾರ್ಥಿಯಂತೆ ಹೋಗಿ ಪಶುಪಾಲನೆಯ ಪಾಠ ಕೇಳಿದ್ದರೆಂಬುದನ್ನು ಇಲ್ಲಿರುವ ಕಿರಿಯರು ನೆನಪಿನಲ್ಲಿಟ್ಟುಕೊಳ್ಳಬಹುದು.

ಇಷ್ಟೆಲ್ಲ ಇದ್ದೂ, ಈ ಸಂಸ್ಥೆಗಳ ಜ್ಞಾನ ಘಟ್ಟವನ್ನು ಏರುವಷ್ಟರಲ್ಲಿ ದಣಿದುಬಿಡುತ್ತದೆ ಎಂಬುದು ಮಲೆನಾಡಿನಲ್ಲಿ ವಾಸಿಸುವ ನನ್ನ ಅಭಿಪ್ರಾಯ. ಘಟ್ಟವನ್ನು ಏರಿ ಬರುವುದು ಹೆಚ್ಚಾಗಿ ಹಿಂಡಿಯ ಚೀಲ. ಚೀಲದೊಳಗೆ ಏನಿದೆ, ಅದು ನಮ್ಮ ದನಕ್ಕೆ ಎಷ್ಟು ಬೇಕು, ಬೇಕೇ ಬೇಕೇ ಎಂಬ ಲೆಕ್ಕ ಚೀಲದೊಡನೆ ಬರುವುದಿಲ್ಲ. ಆದುದರಿಂದ ಇಂದು ಆ ಲೆಕ್ಕವನ್ನೇ ನಿಮ್ಮ ಮುಂದಿಡಲು ಬಯಸುತ್ತೇನೆ.

ಪಶು ಆಹಾರ ವಿಜ್ಞಾನದಲ್ಲಿ ಎಲ್ಲಕ್ಕಿಂತ ಮೊದಲು ಬರುವ ಪದ ‘ಒಣಪದಾರ್ಥ’. ಮೇವಿನಿಂದ ನೀರನ್ನು ಪೂರ್ಣವಾಗಿ ತೆಗೆದ ಮೇಲೆ ಉಳಿಯುವುದೇ ಒಣಪದಾರ್ಥ. ಆಕಳು ದಿನವೊಂದಕ್ಕೆ ತನ್ನ ದೇಹತೂಕದ ಶೇ. 2ರಿಂದ 3ರಷ್ಟು ಒಣಪದಾರ್ಥವನ್ನು ತಿನ್ನುತ್ತದೆ. ಮೇಕೆಯು ತೂಕಕ್ಕೆ ಹೋಲಿಸಿದರೆ ಇನ್ನೂ ಹೆಚ್ಚು ತಿನ್ನಬಲ್ಲುದು. ಮಳೆಗಾಲದ ಹಸಿಹುಲ್ಲಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ ಇರುತ್ತದೆ. ಹೀಗಾಗಿ ಆಷಾಢದಲ್ಲಿ ಹೊಟ್ಟೆ ಬಿರಿಯುವಂತೆ ಮೇಯ್ದು ಬಂದ ದನವೂ ಅರೆಹೊಟ್ಟೆಯಲ್ಲಿರಬಹುದು. ನಮ್ಮ ಹಿರಿಯರು ಮಳೆಗಾಲದಲ್ಲಿಯೂ ಸಂಜೆ ಒಂದು ಹಿಡಿ ಒಣಹುಲ್ಲನ್ನು ಗೋದಲಿಗೆ ಹಾಕುತ್ತಿದ್ದುದಕ್ಕೆ ಇದೇ ಆಧಾರ.

ಈಗ ಮಲೆನಾಡು ಗಿಡ್ಡವನ್ನೂ ಮಿಶ್ರತಳಿಯ ಆಕಳನ್ನೂ ಒಂದೇ ತಕ್ಕಡಿಯಲ್ಲಿ ತೂಗೋಣ. ನೂರು ಕಿಲೋಗ್ರಾಮಿನ ಆಸುಪಾಸು ತೂಗುವ ಗಿಡ್ಡಕ್ಕೆ ದಿನಕ್ಕೆ ಎರಡೂವರೆ ಕಿಲೋ ಒಣಪದಾರ್ಥ ಸಾಕು. ನಾನೂರು ಕಿಲೋ ತೂಗುವ, ಹಾಲು ಕರೆಯುವ ಮಿಶ್ರತಳಿಗೆ ಹನ್ನೆರಡು ಕಿಲೋ ಬೇಕು. ಅಂದರೆ ಒಂದು ದೊಡ್ಡ ಆಕಳಿನ ಮೇವಿನಲ್ಲಿ ನಾಲ್ಕೈದು ಗಿಡ್ಡಗಳು ಬದುಕುತ್ತವೆ. ಹಾಲಿನ ಲೆಕ್ಕವೊಂದನ್ನೇ ಹಿಡಿದರೆ ಮಿಶ್ರತಳಿಯೇ ಗೆಲ್ಲುತ್ತದೆ. ಇದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಒಂದು ಲೀಟರ್ ಹಾಲಿಗೆ ತಗಲುವ ಮೇವೂ ಹೊರಬೀಳುವ ಮೀಥೇನೂ ಅದರಲ್ಲಿ ಕಡಿಮೆ. ಆದರೆ ಆ ಹನ್ನೆರಡು ಕಿಲೋದಲ್ಲಿ ದೊಡ್ಡ ಪಾಲು ಜೋಳ, ಹಿಂಡಿ, ಬೂಸಾ ರೂಪದಲ್ಲಿ ಘಟ್ಟದ ಕೆಳಗಿನಿಂದಲೋ ಬಯಲುಸೀಮೆಯಿಂದಲೋ ಲಾರಿಯಲ್ಲಿ ಬರಬೇಕು. ಗಿಡ್ಡವಾದರೋ ಬೇರೆ ಯಾರೂ ಬಳಸಲಾರದ ಬೆಟ್ಟದ ಒರಟು ಹುಲ್ಲನ್ನು ಹಾಲಾಗಿಯೂ ಗೊಬ್ಬರವಾಗಿಯೂ ಮಾರ್ಪಡಿಸುತ್ತದೆ. ಅಡಿಕೆ ತೋಟವಿರುವ ಮನೆಯಲ್ಲಿ ಗೊಬ್ಬರಕ್ಕೆ ಹಾಲಿಗಿಂತ ಕಡಿಮೆ ಬೆಲೆಯಿಲ್ಲ. ಒರಟು ಮೇವಿನಲ್ಲಿ ಜೀರ್ಣವಾಗದೆ ಉಳಿಯುವ ಅಂಶ ಹೆಚ್ಚು. ಆದ್ದರಿಂದ ತಿಂದ ಕಿಲೋ ಒಂದಕ್ಕೆ ಸಗಣಿಯೂ ಹೆಚ್ಚು. ಹಾಲಿನ ಇಳುವರಿಯ ಕೋಷ್ಟಕಗಳಲ್ಲಿ ಸಗಣಿಗೆ ಕಾಲಂ ಇರುವುದಿಲ್ಲ. ತೋಟಿಗನು ತನ್ನ ಕೋಷ್ಟಕವನ್ನು ತಾನೇ ಬರೆದುಕೊಳ್ಳಬೇಕಾಗಿದೆ.

ಇನ್ನು ಒಣಹುಲ್ಲಿನ ಮಾತು. ಬತ್ತದ ಹುಲ್ಲು ನಮ್ಮ ಕೊಟ್ಟಿಗೆಯ ಮೂಲ ಆಹಾರ. ದುರದೃಷ್ಟವಶಾತ್ ಒಣಮೇವುಗಳಲ್ಲಿ ಅದು ಕೆಳದರ್ಜೆಯದು. ಅದರಲ್ಲಿ ಸಸಾರಜನಕ ಶೇ. 3ರಿಂದ 4 ಮಾತ್ರ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ನಾರನ್ನು ಕೊಳೆಯಿಸಿ ಕೊಡುವವು ಕೋಟ್ಯಂತರ ಸೂಕ್ಷ್ಮಜೀವಿಗಳು. ಅವುಗಳಿಗೆ ಕೆಲಸ ಮಾಡಲು ಮೇವಿನಲ್ಲಿ ಸುಮಾರು ಶೇ. 7ರಷ್ಟಾದರೂ ಸಸಾರಜನಕ ಬೇಕು. ಅದಿಲ್ಲದಿದ್ದರೆ ಹುಲ್ಲು ಹೊಟ್ಟೆಯಲ್ಲಿಯೇ ಬಹುಕಾಲ ಕುಳಿತು, ಪ್ರಾಣಿ ಇನ್ನಷ್ಟು ತಿನ್ನಲಾರದೆ ಬಡವಾಗುತ್ತದೆ. ಇದರ ಜೊತೆಗೆ ಬತ್ತದ ಹುಲ್ಲಿನ ಸಿಲಿಕಾ ಜೀರ್ಣಕ್ರಿಯೆಯನ್ನು ತಡೆಯುತ್ತದೆ, ಆಕ್ಸಲೇಟ್ ಇದ್ದ ಸುಣ್ಣವನ್ನೂ ಹಿಡಿದಿಡುತ್ತದೆ. ಈ ನಾಗಸಂದ್ರದ ಹಳಬರು ಹಾಕುತ್ತಿದ್ದ ರಾಗಿಹುಲ್ಲು ಇದಕ್ಕಿಂತ ಮೃದು, ಹೆಚ್ಚು ಜೀರ್ಣವಾಗುವಂಥದ್ದು. ಬಯಲುಸೀಮೆಯ ದನ ಕಡಿಮೆ ಮೇವಿನಲ್ಲಿಯೂ ಮೈತುಂಬಿಕೊಂಡಿರುತ್ತಿದ್ದುದರಲ್ಲಿ ರಾಗಿಯ ಪಾಲು ದೊಡ್ಡದು.

ಬತ್ತದ ಹುಲ್ಲಿಗೆ ಯೂರಿಯಾ ಉಪಚಾರವೆಂಬ ವಿಧಾನವನ್ನು ದಶಕಗಳಿಂದ ಬೋಧಿಸಲಾಗುತ್ತಿದೆ. ನೂರು ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 50 ಲೀಟರ್‌ನಷ್ಟು ನೀರಿನಲ್ಲಿ ಕರಗಿಸಿ, ಪದರಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಮೂರು ವಾರ ಮುಚ್ಚಿಡುವುದು. ಯೂರಿಯಾ ಅಮೋನಿಯವಾಗಿ ನಾರಿನ ಬಂಧವನ್ನು ಸಡಿಲಿಸುತ್ತದೆ. ಸಸಾರಜನಕ ಸುಮಾರು ಇಮ್ಮಡಿಯಾಗುತ್ತದೆ. ವಿಧಾನ ನಿಜಕ್ಕೂ ಒಳ್ಳೆಯದು. ಆದರೂ ಮಲೆನಾಡಿನಲ್ಲಿ ಅದನ್ನು ಅನುಸರಿಸುವವರು ವಿರಳ. ಪುಸ್ತಕ ಬರೆದವರು ನಮ್ಮ ಮಳೆಯನ್ನೂ ನಮ್ಮ ಮನೆಗಳಲ್ಲಿ ಕೊಟ್ಟಿಗೆ ಕೆಲಸ ಮಾಡುವ ಹೆಂಗಸರ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೆಂಬುದು ನನ್ನ ಊಹೆ. ಮಾಡುವವರು ಬೇಸಗೆಯ ಮೂರು ತಿಂಗಳಿಗೆ ಮಾತ್ರ ಮಾಡಿಕೊಂಡರೂ ಸಾಕು. ಆರು ತಿಂಗಳೊಳಗಿನ ಕರುಗಳಿಗೆ ಈ ಹುಲ್ಲನ್ನು ಕೊಡಬಾರದು; ಯೂರಿಯಾ ಕರಗಿಸಿದ ನೀರನ್ನು ಯಾವ ಪ್ರಾಣಿಯೂ ಕುಡಿಯದಂತೆ ನೋಡಿಕೊಳ್ಳಬೇಕು, ಅದು ಪ್ರಾಣ ತೆಗೆಯುವ ವಿಷ.

ನಮ್ಮ ಕಾಲಬುಡದಲ್ಲಿಯೇ ಬಿದ್ದಿರುವ ಇನ್ನೊಂದು ಮೇವೆಂದರೆ ಅಡಿಕೆ ಹಾಳೆ. ತಟ್ಟೆ ಮಾಡಲು ಹೋದದ್ದು ಹೋಗಿ ಉಳಿದದ್ದು ತೋಟದಲ್ಲಿ ಕೊಳೆಯುತ್ತದೆ. ಇದನ್ನು ಯಂತ್ರದಲ್ಲಿ ಸೀಳಿ ಹಾಕಿದರೆ ಬತ್ತದ ಹುಲ್ಲಿನ ಬದಲಿಗೆ ನಿಲ್ಲಬಲ್ಲುದೆಂದು ದಕ್ಷಿಣ ಕನ್ನಡ ಮತ್ತು ಮಲೆನಾಡಿನ ಅನುಭವವೂ ಸಂಶೋಧನೆಯೂ ತೋರಿಸಿವೆ. ಇಲ್ಲಿ ಒಂದು ಎಚ್ಚರ ಅಗತ್ಯ. ಕೊಳೆರೋಗಕ್ಕೆ ನಾವು ಸಿಂಪಡಿಸುವ ಶೇ. 1ರ ಬೋರ್ಡೋ ದ್ರಾವಣದ ಪ್ರತಿ ನೂರು ಲೀಟರಿನಲ್ಲಿ ಒಂದು ಕಿಲೋ ಮೈಲುತುತ್ತ ಇರುತ್ತದೆ. ಆ ತಾಮ್ರ ಹಾಳೆಯ ಮೇಲೆ ಕುಳಿತಿರುತ್ತದೆ. ಆಕಳು ತಾಮ್ರವನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ, ಮೇಕೆ ಅದಕ್ಕಿಂತ ಕಡಿಮೆ, ಕುರಿಯಂತೂ ತಡೆಯಲಾರದು. ಕುರಿಯ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಸದ್ದಿಲ್ಲದೆ ಸಂಗ್ರಹವಾದ ತಾಮ್ರ ಒಂದು ದಿನ ರಕ್ತಕ್ಕೆ ಇಳಿದು, ಮೂತ್ರ ಕೆಂಪಾಗಿ ಪ್ರಾಣಿ ಸಾಯುತ್ತದೆ. ಮದ್ದು ಹೊಡೆದ ಮಳೆಗಾಲದ ಹಾಳೆಯನ್ನು ಬಿಟ್ಟು, ಬೇಸಗೆಯಲ್ಲಿ ಬೀಳುವ ಶುಭ್ರವಾದ ಹಾಳೆಯನ್ನು ಮಾತ್ರ ಆಯ್ದು, ದನಗಳಿಗೆ ಬಳಸಿರಿ. ಕುರಿಗೆ ಬೇಡ.

ದನಗಳು ಮೂಳೆ, ಚಿಂದಿ ಬಟ್ಟೆ, ಗೋಡೆಯ ಮಣ್ಣು ನೆಕ್ಕುವುದನ್ನು ನೀವು ಕಂಡಿರಬಹುದು. ಅದು ಕೆಟ್ಟ ಚಾಳಿಯಲ್ಲ, ರಂಜಕದ ಹಸಿವು. ಸಾವಿರಾರು ಮಿಲಿಮೀಟರ್ ಮಳೆ ಸುರಿಯುವ ನಮ್ಮ ಕೆಂಪುಮಣ್ಣಿನಿಂದ ಖನಿಜಗಳು ತೊಳೆದುಹೋಗುತ್ತವೆ. ಮಣ್ಣಿನಲ್ಲಿಲ್ಲದ್ದು ಹುಲ್ಲಿಗೆ ಬರುವುದಿಲ್ಲ. ಆಕಳು ಬೆದೆಗೆ ಬಾರದಿರುವುದು, ಪದೇಪದೇ ಗರ್ಭ ನಿಲ್ಲದಿರುವುದು ಇವುಗಳ ಹಿಂದೆ ಅನೇಕ ಬಾರಿ ಖನಿಜದ ಕೊರತೆಯಿರುತ್ತದೆ. ಆಡುಗೋಡಿಯ ಸಂಸ್ಥೆಯ ಉಪಯುಕ್ತ ಕಾರ್ಯಗಳಲ್ಲಿ ಒಂದೆಂದರೆ, ಪ್ರದೇಶವಾರು ಮಣ್ಣು, ಮೇವು ಮತ್ತು ರಕ್ತವನ್ನು ಪರೀಕ್ಷಿಸಿ ಆಯಾ ಪ್ರದೇಶದಲ್ಲಿ ಕೊರತೆಯಿರುವುದನ್ನಷ್ಟೇ ಸೇರಿಸಿದ ಖನಿಜಮಿಶ್ರಣಗಳನ್ನು ರೂಪಿಸಿದ್ದು. ನಿಮ್ಮ ಹಾಲು ಸಹಕಾರ ಸಂಘದಲ್ಲಿ ದೊರೆಯುವ ಮಿಶ್ರಣ ಯಾವ ಸೀಮೆಗೆಂದು ತಯಾರಾದದ್ದೆಂದು ಒಮ್ಮೆ ಕೇಳಿನೋಡಿ. ಪ್ರಶ್ನೆ ಕೇಳುವವರು ಹೆಚ್ಚಿದರೆ ಉತ್ತರವೂ ತಯಾರಾಗುತ್ತದೆ.

ಮೇಕೆಯ ವಿಷಯಕ್ಕೆ ಬರೋಣ. ಪರಿಸರವಾದಿಗಳ ಸಭೆಗಳಲ್ಲಿ ಮೇಕೆ ನಿರಂತರ ಆರೋಪಿ. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಸುಮಾರು 14.9 ಕೋಟಿ ಮೇಕೆಗಳಿವೆ, ನಮ್ಮ ರಾಜ್ಯದಲ್ಲಿ ಸುಮಾರು 62 ಲಕ್ಷ. ಇವು ಬಹುಪಾಲು ಭೂಮಿಯಿಲ್ಲದವರ ಮತ್ತು ಚೂರು ಭೂಮಿಯವರ ಆಸ್ತಿ. ಕಾಯಿಲೆ, ಮದುವೆ, ಶಾಲೆಯ ಖರ್ಚು ಬಂದ ದಿನ ನಗದಾಗುವ ಆಸ್ತಿ. ಆರೋಪ ಪೂರ್ಣ ಸುಳ್ಳಲ್ಲ. ಚಿಗುರನ್ನು ಕಚ್ಚುವ ಪ್ರಾಣಿ ಸಂಖ್ಯೆ ಮೀರಿದಲ್ಲಿ ಸಸಿ ಮೇಲೇಳದು. ಆದರೆ ಮೇಕೆ ಸ್ವಭಾವತಃ ಹುಲ್ಲು ಮೇಯುವುದಲ್ಲ, ಸೊಪ್ಪು ತರಿಯುವುದು. ಅದಕ್ಕೆ ಹಲಸು, ಹಾಲುವಾಣ, ಅಗಸೆ, ಗೋಳಿ, ಬಸರಿಯ ಸೊಪ್ಪನ್ನು ಕತ್ತರಿಸಿ ಕಟ್ಟಿದರೆ ಕಾಡಿಗೆ ಹೋಗುವ ಅಗತ್ಯ ಅರ್ಧವಾಗುತ್ತದೆ. ಬೇಲಿಯನ್ನೇ ಮೇವಿನ ಮರಗಳಿಂದ ಕಟ್ಟುವುದು ನಮ್ಮಲ್ಲಿ ಹೊಸ ವಿಚಾರವಲ್ಲ. ತಂತಿ ಬೇಲಿ ಬಂದ ಮೇಲೆ ಮರೆತದ್ದು, ಅಷ್ಟೆ.

ಸುಬಾಬುಲ್ ಸೊಪ್ಪಿನ ಬಗ್ಗೆ ಒಂದು ವಿಶೇಷ ಸಂಗತಿಯಿದೆ. ಅದರ ಸಸಾರಜನಕ ಶ್ರೀಮಂತವಾದದ್ದು, ಆದರೆ ಮಿಮೋಸಿನ್ ಎಂಬ ವಿಷವಸ್ತುವಿನಿಂದ ಪ್ರಾಣಿಗಳ ಕೂದಲು ಉದುರುತ್ತದೆ, ಗಳಗಂಡ ಬರುತ್ತದೆ. ಆಸ್ಟ್ರೇಲಿಯದಲ್ಲಿ ದನಗಳು ಇದರಿಂದ ನರಳುತ್ತಿದ್ದಾಗ ರೇಮಂಡ್ ಜೋನ್ಸ್ ಎಂಬ ವಿಜ್ಞಾನಿ, ಹವಾಯಿ ದ್ವೀಪದ ಮೇಕೆಗಳು ಅದೇ ಸೊಪ್ಪನ್ನು ತಿಂದು ಆರೋಗ್ಯವಾಗಿರುವುದನ್ನು ಗಮನಿಸಿದರು. ಆ ಮೇಕೆಗಳ ಹೊಟ್ಟೆಯಲ್ಲಿ ವಿಷವನ್ನು ಒಡೆಯುವ ಬ್ಯಾಕ್ಟೀರಿಯ ಇತ್ತು. ಅದನ್ನು ಆಸ್ಟ್ರೇಲಿಯದ ಪ್ರಾಣಿಗಳಿಗೆ ವರ್ಗಾಯಿಸಿದಾಗ ಅವೂ ಗುಣಮುಖವಾದವು. ಆ ಬ್ಯಾಕ್ಟೀರಿಯಕ್ಕೆ ಜೋನ್ಸರ ಹೆಸರನ್ನೇ ಸೇರಿಸಿ ಸಿನರ್ಜಿಸ್ಟಿಸ್ ಜೋನ್ಸೀ ಎಂದು ಕರೆಯಲಾಗಿದೆ. ಒಂದು ಜಾಗದ ಬಡ ಪ್ರಾಣಿಯ ಹೊಟ್ಟೆಯಲ್ಲಿ ಏನು ಸಂಪತ್ತು ಅಡಗಿದೆಯೆಂದು ಪರೀಕ್ಷಿಸದೆ ತಳಿಯನ್ನೇ ಬದಲಿಸಲು ಹೊರಡುವವರು ಈ ಘಟನೆಯನ್ನು ಓದಬೇಕು. ನಮ್ಮಲ್ಲಿ ಸುಬಾಬುಲ್ ಹಾಕುವವರು ಒಟ್ಟು ಮೇವಿನ ಮೂರರಲ್ಲೊಂದು ಪಾಲನ್ನು ಮೀರದಿರುವುದು ಕ್ಷೇಮ.

ಮೀಥೇನಿನ ಮಾತು ಈಗ ಎಲ್ಲೆಡೆ ಕೇಳಿಬರುತ್ತದೆ. ಮೆಲುಕು ಹಾಕುವ ಪ್ರಾಣಿ ತಾನು ತಿಂದ ಶಕ್ತಿಯ ಶೇ. 2ರಿಂದ 12ರಷ್ಟನ್ನು ತೇಗಿನಲ್ಲಿ ಮೀಥೇನ್ ರೂಪದಲ್ಲಿ ಕಳೆದುಕೊಳ್ಳುತ್ತದೆ. ಮೇವು ಕಳಪೆಯಾದಷ್ಟೂ ನಷ್ಟ ಅಧಿಕ. ಆಡುಗೋಡಿಯ ಸಂಸ್ಥೆಯು ಟ್ಯಾನಿನ್ ಅಧಿಕವಾಗಿರುವ ಸಸ್ಯಗಳಿಂದ ‘ಹರಿತ್ ಧಾರಾ’ ಎಂಬ ಪೂರಕ ಆಹಾರವನ್ನು ರೂಪಿಸಿದ್ದು, ಅದರಿಂದ ಮೀಥೇನ್ ಶೇ. 17ರಿಂದ 20ರಷ್ಟು ತಗ್ಗುತ್ತದೆಂದು 2021ರಲ್ಲಿ ಪ್ರಕಟಿಸಿತು. ಒಗರು ಸೊಪ್ಪಿನಲ್ಲಿರುವುದೂ ಟ್ಯಾನಿನ್ನೇ. ಹಿತಮಿತವಾದ ಟ್ಯಾನಿನ್ ಹೊಟ್ಟೆಯ ಹುಳುಗಳನ್ನೂ ತಕ್ಕಮಟ್ಟಿಗೆ ಹದ್ದುಬಸ್ತಿನಲ್ಲಿಡುತ್ತದೆ. ಮಿತಿ ಮೀರಿದರೆ ಜೀರ್ಣಶಕ್ತಿಯನ್ನೇ ಕೆಡಿಸುತ್ತದೆ ಎಂಬುದನ್ನೂ ಹೇಳಬೇಕು.

ಇಷ್ಟು ಹೇಳಿದ ಮೇಲೆ ಮೇವು ಬೆಳೆಯುವ ನೆಲದ ಪ್ರಶ್ನೆ ಎದುರಾಗುತ್ತದೆ. ನನ್ನ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಗಂಭೀರವಾದದ್ದು. ಇಲ್ಲಿಂದ ಸಮೀಪದ ಹೆಸರಘಟ್ಟದ ಹುಲ್ಲುಗಾವಲನ್ನು ಬಹುಕಾಲ ‘ಖಾಲಿ ಜಾಗ’ವೆಂದೇ ಭಾವಿಸಲಾಗಿತ್ತು. ಹುಲ್ಲುಗಾವಲು ತನ್ನಷ್ಟಕ್ಕೆ ಒಂದು ಪರಿಸರವ್ಯವಸ್ಥೆ ಎಂಬುದನ್ನು ಒಪ್ಪಿಸಲು ಪಕ್ಷಿವೀಕ್ಷಕರೂ ಸ್ಥಳೀಯರೂ ವರ್ಷಗಟ್ಟಲೆ ಹೋರಾಡಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿಯು ಸುಮಾರು 5,678 ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು ಒಪ್ಪಿಗೆ ನೀಡಿತು. ಮಲೆನಾಡಿನಲ್ಲಿ ನಮಗೂ ಇಂತಹ ‘ಖಾಲಿ ಜಾಗ’ಗಳಿವೆ. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಿಂದ ಬಂದಿತು. ಅದು ಸೊಪ್ಪಿಗೂ ಕರಡಕ್ಕೂ ಎಂದು ಬಂದದ್ದು. ಗೋಮಾಳಗಳ ಗತಿಯನ್ನು ಹೇಳುವ ಅಗತ್ಯವಿಲ್ಲ. ಉಳಿದ ಬೋಳುಗುಡ್ಡಗಳ ಮೇಲೆ ಅಕೇಶಿಯ ನೆಟ್ಟೆವು. ಅದರ ಎಲೆಯನ್ನು ದನ ಮುಟ್ಟುವುದಿಲ್ಲ. ಅದರ ಬುಡದಲ್ಲಿ ಹುಲ್ಲೇಳುವುದಿಲ್ಲ. ತೆರವಾದ ಅಂಚುಗಳನ್ನು ಲಂಟಾನ ಆವರಿಸಿತು. ಹಸಿವಿನಿಂದ ಅದನ್ನು ತಿಂದ ದನದ ಯಕೃತ್ತು ಕೆಟ್ಟು, ಬಿಸಿಲಿಗೆ ಚರ್ಮ ಸುಲಿದುಹೋಗುತ್ತದೆ. ಹೀಗೆ ಹತ್ತಿರದ ಹುಲ್ಲು ಮಾಯವಾದಾಗ ದನಗಳು ಒಳಕಾಡಿಗೆ ಹೋಗತೊಡಗಿದವು.

ಇದರ ಪರಿಣಾಮ ದನಗಳಿಗಷ್ಟೇ ಸೀಮಿತವಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನಕಾಯಿಲೆಯನ್ನು ಹರಡುವ ಉಣುಗುಗಳು ಪ್ರೌಢಾವಸ್ಥೆಯಲ್ಲಿ ರಕ್ತ ಹೀರುವುದು ಮುಖ್ಯವಾಗಿ ಕಾಡಿನಲ್ಲಿ ಮೇಯುವ ದನಗಳ ಮೈಮೇಲೆ. ದನಕ್ಕೆ ಆ ಕಾಯಿಲೆ ಬರುವುದಿಲ್ಲ, ಆದರೆ ಉಣುಗಿನ ಸಂತತಿಯನ್ನು ಅದು ಪೋಷಿಸುತ್ತದೆ. ಆದ್ದರಿಂದ ಊರ ಸಮೀಪದ ಹುಲ್ಲುಗಾವಲನ್ನು ಉಳಿಸುವುದು ಮಲೆನಾಡಿನಲ್ಲಿ ಆರೋಗ್ಯ ಇಲಾಖೆಯ ಕೆಲಸವೂ ಹೌದು. ಮೂರು ಇಲಾಖೆಗಳು ಒಂದೇ ಮೇಜಿನ ಸುತ್ತ ಕುಳಿತು ಇದನ್ನು ಚರ್ಚಿಸಿದ್ದನ್ನು ನಾನು ಇನ್ನೂ ಕಂಡಿಲ್ಲ.

ಗಂಡುಕರುಗಳ ವಿಷಯವನ್ನು ಬಿಟ್ಟುಹೋಗಲಾಗದು. ಟಿಲ್ಲರ್ ಬಂದ ಮೇಲೆ ಎತ್ತಿಗೆ ಕೆಲಸವಿಲ್ಲ. 2020ರ ಗೋಹತ್ಯೆ ನಿಷೇಧ ಕಾಯಿದೆಯ ನಂತರ 13 ವರ್ಷ ಮೀರಿದ ಎಮ್ಮೆ, ಕೋಣಗಳ ಹೊರತು ಇತರ ರಾಸುಗಳ ವಧೆಗೆ ರಾಜ್ಯದಲ್ಲಿ ಅವಕಾಶವಿಲ್ಲ. ಕಾನೂನಿನ ಕುರಿತು ನಿಮ್ಮ ಅಭಿಪ್ರಾಯ ಯಾವುದೇ ಇರಲಿ, ಆ ಕರು ದಿನವೂ ತಿನ್ನುವ ಮೇವು ಯಾರದ್ದೋ ಗೋದಲಿಯಿಂದ ಬರಬೇಕಲ್ಲವೆ? ಶೇ. 90ರಷ್ಟು ಹೆಣ್ಣುಕರುಗಳನ್ನೇ ಕೊಡುವ ಲಿಂಗನಿರ್ಧಾರಿತ ವೀರ್ಯ ಇದಕ್ಕೆ ವಿಜ್ಞಾನ ಕೊಟ್ಟಿರುವ ಉತ್ತರ. ಗಿಡ್ಡ ತಳಿಯ ಉಳಿವಿಗೆ ಮಾತ್ರ ಒಳ್ಳೆಯ ಹೋರಿಗಳೂ ಬೇಕು. ಊರಿಗೊಂದು ಹೋರಿಯನ್ನು ಸಮುದಾಯವೇ ಸಾಕುತ್ತಿದ್ದ ಪದ್ಧತಿ ಅಲ್ಲಲ್ಲಿ ಉಳಿದಿದ್ದರೆ ಅದನ್ನು ಕೈಬಿಡಬೇಡಿ.

ಭಾಷಣದ ನಂತರ ವಿದ್ಯಾರ್ಥಿಯೊಬ್ಬರು, ಮಾಂಸಕ್ಕಾಗಿ ಮೇಕೆ ಸಾಕಣೆ ಮಲೆನಾಡಿನಲ್ಲಿ ಲಾಭದಾಯಕವೇ ಎಂದು ಪ್ರಶ್ನಿಸಿದರು. ಅವರಿಗೆ ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ. ಮೇಕೆ ಒಣಹವೆಯ ಪ್ರಾಣಿ. ಬೆಂಗಳೂರು, ತುಮಕೂರು, ಚಿಕ್ಕಬಳ್ಳಾಪುರ ಸೀಮೆಯ ನಂದಿದುರ್ಗ ಮೇಕೆಯನ್ನು ಕಂಡು ಆಸೆಪಟ್ಟು ಘಟ್ಟಕ್ಕೆ ಒಯ್ದರೆ ಮೊದಲ ಮಳೆಗಾಲದಲ್ಲಿಯೇ ಗೊರಸು ಕೊಳೆತ, ಜಂತುಹುಳು, ನ್ಯುಮೋನಿಯ ಎದುರಾಗುತ್ತವೆ. ಸಾಕಲೇಬೇಕೆಂದರೆ ನೆಲದಿಂದ ಎತ್ತರಿಸಿದ, ಸೀಳುಹಲಗೆಯ ಅಟ್ಟದ ದೊಡ್ಡಿ ಬೇಕು. ಇಪ್ಪತ್ತು ಕಿಲೋ ತೂಗುವ ಮರಿಯಿಂದ ದೊರೆಯುವ ಮಾಂಸ ಒಂಬತ್ತು, ಹತ್ತು ಕಿಲೋ ಮಾತ್ರ. ಆದ್ದರಿಂದ ಲಾಭವಿರುವುದು ಮರಿಗಳನ್ನು ಉಳಿಸಿಕೊಳ್ಳುವುದರಲ್ಲಿ. ಐದು ತಿಂಗಳ ಗರ್ಭದಲ್ಲಿ ಮರಿ ಬಹುಪಾಲು ಬೆಳೆಯುವುದು ಕೊನೆಯ ಆರು ವಾರಗಳಲ್ಲಿ. ಆಗ ತಾಯಿಗೆ ಕೊಡುವ ದಿನದ ಕಾಲು ಕಿಲೋ ಧಾನ್ಯ ಮುಂದೆ ಮರಿಗೆ ಕೊಡುವ ಔಷಧಿಗಿಂತ ಅಗ್ಗ. ಜಂತಿನ ಔಷಧಿಯನ್ನು ಹಿಂಡಿಗೆಲ್ಲ ಒಮ್ಮೆಲೇ ಕುಡಿಸದೆ, ಪ್ರತಿ ಮೇಕೆಯ ಕೆಳರೆಪ್ಪೆಯನ್ನು ಬಿಡಿಸಿ ನೋಡಿ, ಒಳಭಾಗ ಬಿಳಿಚಿಕೊಂಡಿರುವವಕ್ಕೆ ಮಾತ್ರ ಕುಡಿಸಿರಿ. ಹಾಗೆ ಮಾಡಿದರೆ ಹುಳುಗಳು ಔಷಧಿಗೆ ಬೇಗನೆ ಒಗ್ಗಿಕೊಳ್ಳುವುದಿಲ್ಲ. ಕರುಳುಬೇನೆಯ ಲಸಿಕೆಯನ್ನು ಮೇ ತಿಂಗಳೊಳಗೆ, ಹೊಸ ಹುಲ್ಲು ಚಿಗುರುವ ಮೊದಲು ಹಾಕಿಸಬೇಕು. ಪಿಪಿಆರ್ ಲಸಿಕೆಯನ್ನು ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿರಿ. ಸಂತೆಯಿಂದ ತಂದ ಮೇಕೆಯನ್ನು ಮೂರು ವಾರ ಪ್ರತ್ಯೇಕವಾಗಿ ಕಟ್ಟಿ, ಆಮೇಲೆ ಹಿಂಡಿಗೆ ಸೇರಿಸಿರಿ.